ಹುಳದ ಮನೆಗೆ ಹೋದ ಕ್ಯೂಬಾ ಸಿಗಾರ್

ಕ್ಯೂಬಾದ ಸಿಗಾರ್ ಕೊಳ್ಳಬೇಕೆಂದಿರುವ ಹೊಸಬರು ಈಗಲೂ ನಮ್ಮ ಯಜಮಾನರಿಗೆ ಫೋನ್ ಮಾಡುತ್ತಾರೆ. ಎಲ್ಲಿ ಕೊಳ್ಳಬೇಕು, ಹೇಗೆ ಇಟ್ಟುಕೊಳ್ಳಬೇಕು ಎಂದು ಕೇಳುತ್ತಾರೆ. ಇವರು ಸೋಫಾದ ಮೇಲೆ ಕಾಲು ಚಾಚಿ, ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ. ಒಳಗೆ ಒಗ್ಗರಣೆ ಹಾಕುತ್ತಾ ನಾನು ಕೇಳಿಸಿಕೊಳ್ಳುತ್ತೇನೆ. ಹೇಳುವುದರಲ್ಲಿ ತಪ್ಪೇನೂ ಇರುವುದಿಲ್ಲ, ನನಗೆ ಮೈ ಉರಿಯುವುದು ಅದಕ್ಕೇ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಆ ಬದನೇಕಾಯಿಯ ಕಥೆಯನ್ನು ಇವರು ಯಾರಿಗೂ ಹೇಳುವುದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಅದರಲ್ಲಿ ಹೋಗಲಿದ್ದದ್ದು ಇವರ ಮಾನವಲ್ಲ, ನಮ್ಮ ಅತ್ತೆಯ ಕೈಗುಣ.

ನಾವಿರುವುದು ನಂಜನಗೂಡಿನಲ್ಲಿ. ಇವರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುವ ಸಾಹೇಬರು. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಪಹಣಿ, ಖಾತೆ, ಪೋಡಿ ಎಂದುಕೊಂಡು ಬಂದವರ ಸುಳ್ಳುಗಳನ್ನು ದಿನವಿಡೀ ಕೇಳುವುದೇ ನನ್ನ ಕೆಲಸ. ಅದರಿಂದ ಒಂದು ಉಪಕಾರವಾಗಿದೆ. ಯಾರಾದರೂ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಿದ್ದರೆ ಅದು ನನಗೆ ಅವರ ಮೂಗು ನೋಡಿದರೇ ತಿಳಿಯುತ್ತದೆ.

ಇವರ ಮೂಗಿಗೆ ಈ ರೋಗ ಹತ್ತಿದ್ದು ಕಾರ್ಖಾನೆಗೆ ಹೊಸ ಮೇಲಧಿಕಾರಿ ಬಂದ ವರ್ಷ. ಮೈಸೂರಿನ ಯಾವುದೋ ಹೋಟೆಲಿನಲ್ಲಿ ಊಟವಿತ್ತು. ಆ ಅಧಿಕಾರಿ ಊಟವಾದ ಮೇಲೆ ಎಲ್ಲರಿಗೂ ಒಂದೊಂದು ಸಿಗಾರ್ ಹಂಚಿದರಂತೆ. ಜನ್ಮದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಮನುಷ್ಯ ಅದನ್ನು ಸೇದಿ, ಹೊಗೆಯನ್ನು ಒಳಗೆ ಎಳೆದುಕೊಂಡು, ಕಣ್ಣೀರು ಸುರಿಸಿಕೊಂಡು ಮನೆಗೆ ಬಂದರು. ಬಾಗಿಲು ತೆಗೆದಾಗ ಹಳೇ ಬಸ್‌ಸ್ಟ್ಯಾಂಡಿನ ಗೋಡೆಯ ಹಾಗೆ ನಾರುತ್ತಿದ್ದರು.

"ಸಿಗಾರ್ ಹೊಗೇನ ಒಳಗೆ ಎಳ್ಕೋಬಾರದಂತೆ. ಬಾಯಲ್ಲಿ ಆಡಿಸಿ ಬಿಡಬೇಕಂತೆ" ಅಂದರು.

"ಬಾಯಿ ಮುಕ್ಕಳಿಸಿ ಬನ್ನಿ ಮೊದಲು" ಅಂದೆ.

ಅಲ್ಲಿಂದ ಫೋನಿನಲ್ಲಿ ವಿಡಿಯೋ ನೋಡುವುದು ಶುರುವಾಯಿತು. ಊಟಕ್ಕೆ ಕೂತರೂ ಅದೇ, ಬಚ್ಚಲಿಗೆ ಹೋದರೂ ಅದೇ. ಕೇಳಿ ಕೇಳಿ ನನಗೂ ಪಾಠವಾಯಿತು. ಹೊಸಬರು ಮೊದಲು ಪೆಟ್ಟಿಗೆಗಟ್ಟಲೆ ಕೊಳ್ಳಬಾರದು, ಬಿಡಿಯಾಗಿ ಒಂದೆರಡು ಕೊಂಡು ನೋಡಬೇಕು. ಸಣ್ಣದು, ಸೌಮ್ಯವಾದದ್ದು ಆಗಬೇಕು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಗೆ ಗಂಟು ಸಿಗಬಾರದು, ಒಣ ಎಲೆಯ ಹಾಗೆ ಚರಚರ ಅನ್ನಬಾರದು. ಸುತ್ತಿದ ಪಟ್ಟಿ ಎಲ್ಲದರಲ್ಲೂ ಒಂದೇ ಎತ್ತರದಲ್ಲಿರಬೇಕು. ಪೆಟ್ಟಿಗೆಯ ತಳದಲ್ಲಿ ಸುಟ್ಟು ಒತ್ತಿದ ಮುದ್ರೆ ಇರಬೇಕು. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಿಲ್ಲು ಹಾಕಿಸಿ ಕೊಳ್ಳಬೇಕೇ ಹೊರತು ಯಾರದೋ ಕಾರಿನ ಡಿಕ್ಕಿಯಿಂದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳಕ್ಕೆ ಗಾಜು ಹಾಕಿದ ಪೆಟ್ಟಿಗೆ ಕಂಡರೆ ಕೈಮುಗಿದು ಹಿಂದೆ ಬರಬೇಕು. ಕ್ಯೂಬಾದವರು ಗಾಜಿನ ಮುಚ್ಚಳದಲ್ಲಿ ಸಿಗಾರ್ ಕಳಿಸುವುದಿಲ್ಲ. ಗಾಜು ಕಂಡರೆ ಮಾಲು ನಕಲಿ.

ಇದನ್ನೆಲ್ಲ ಇವರ ಫೋನಿನಿಂದಲೇ ಕಲಿತವಳು ನಾನು. ಇವರು ಏನು ತಂದರು ಗೊತ್ತೇ? ಗಾಜಿನ ಮುಚ್ಚಳದ ಪೆಟ್ಟಿಗೆ. ಸಹೋದ್ಯೋಗಿಯ ಸ್ನೇಹಿತನ ಭಾವಮೈದುನ ದುಬೈನಿಂದ ಬಂದಿದ್ದನಂತೆ. ಮೈಸೂರಿನ ರಿಂಗ್ ರೋಡಿನಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು ಕೊಟ್ಟನಂತೆ.

"ಗಾಜಿದೆಯಲ್ರೀ" ಅಂದೆ.

"ಅದು ಸ್ಪೆಷಲ್ ಎಡಿಷನ್. ನಿಂಗೆ ಗೊತ್ತಾಗಲ್ಲ ಬಿಡು."

ಬಿಟ್ಟೆ. ಕೋತಿಯ ಕೈಗೆ ಮಾಣಿಕ್ಯ ಸಿಕ್ಕಿದರೆ ಕಿತ್ತುಕೊಳ್ಳಬಹುದು. ಗಾಜಿನ ಚೂರು ಸಿಕ್ಕಿ ಅದನ್ನೇ ಮಾಣಿಕ್ಯ ಅಂದುಕೊಂಡರೆ ಅದಕ್ಕೆ ಯಾರು ಏನು ಮಾಡಬೇಕು?

ಆಮೇಲೆ ಅದನ್ನು ಇಡುವ ಸಂಕಟ. ಸಿಗಾರಿಗೆ ತೇವ ಬೇಕು, ಆದರೆ ಒದ್ದೆಯಾಗಬಾರದು. ಗಾಳಿಯಲ್ಲಿ ನೂರಕ್ಕೆ ಎಪ್ಪತ್ತರ ಹತ್ತಿರ ತೇವಾಂಶವಿರಬೇಕು, ತಂಪಿರಬೇಕು, ಆದರೆ ಫ್ರಿಜ್ಜಿಗೆ ಹಾಕಬಾರದು. ನಮ್ಮ ನಂಜನಗೂಡಿನ ಬೇಸಿಗೆಗೆ ಮನುಷ್ಯರ ತುಟಿಯೇ ಒಡೆಯುತ್ತದೆ, ಇನ್ನು ಆ ಚುಟ್ಟದ ಪಾಡೇನು? ಇದಕ್ಕೆಂದೇ ದೇವದಾರು ಮರದ ಪೆಟ್ಟಿಗೆ ಸಿಗುತ್ತದೆ. ಒಳಗೆ ನೀರು ಕುಡಿದ ಸ್ಪಂಜು, ತೇವ ತೋರಿಸುವ ಮುಳ್ಳು ಎಲ್ಲ ಇರುತ್ತದೆ. ಅದನ್ನು ಕೊಂಡರೆ ಮುಗಿಯಿತು. ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಡಬ್ಬಿ, ಅದರಲ್ಲೊಂದು ತೇವದ ಪ್ಯಾಕೆಟ್ಟು ಇಟ್ಟರೂ ನಡೆಯುತ್ತದೆ. ಆದರೆ ಇವರಿಗೆ ಡಬ್ಬಿ ಅಂದರೆ ಅವಮಾನ. ಮೊದಲು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟರು. ಅನ್ನಕ್ಕೆ ಚುಟ್ಟದ ವಾಸನೆ ಬಂತು. ನಾನು ತಟ್ಟೆಯನ್ನು ಇವರ ಕಡೆಗೇ ತಳ್ಳಿದೆ, ನೀವೇ ಉಣ್ಣಿ ಅಂದೆ. ಆಮೇಲೆ ಬೇಡವೆಂದರೂ ಫ್ರಿಜ್ಜಿನಲ್ಲಿಟ್ಟರು, ಚುಟ್ಟಕ್ಕೆ ಹುಳಿಯ ವಾಸನೆ ಬಂತು. ಹಿಂದಿನ ಸಲ ಬಿಡಿಯಾಗಿ ತಂದಿದ್ದ ಒಂದರ ಮೇಲೆ ಬೂಷ್ಟು ಬಂದಾಗ ಅದು ಬೂಷ್ಟಲ್ಲ, ಒಳ್ಳೆಯ ಮಾಲಿನ ಮೇಲೆ ಬರುವ ಬಿಳಿ ಹೊಳಪು ಎಂದು ವಾದಿಸಿದರು. ಉಪ್ಪಿನಕಾಯಿಯ ಮೇಲೆ ಬಂದರೆ ಎಸೆಯುತ್ತೀರಲ್ಲ, ಅದೇನು ಹೊಳಪಲ್ಲವೇ ಎಂದು ಕೇಳಿದೆ.

ಇವರ ಊರು ಟಿ. ನರಸೀಪುರದ ಆಚೆ, ಸೋಸಲೆಯ ಮಗ್ಗುಲಿನ ಹಳ್ಳಿ. ಅಲ್ಲಿ ನಮ್ಮ ಅತ್ತೆ ರೇಷ್ಮೆ ಹುಳ ಮೇಯಿಸುತ್ತಾರೆ. ಬೇಡವೆಂದು ಮಕ್ಕಳೆಲ್ಲ ಹೇಳಿಯಾಗಿದೆ, ಅವರು ಕೇಳುವ ಪೈಕಿಯಲ್ಲ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿನಲ್ಲಿ ಹುಳದ ಮನೆ. ಹೊಟ್ಟೆಪಾಡಿಗಂತೂ ಅದನ್ನು ಮಾಡುತ್ತಿರಲಿಲ್ಲ. ಆ ಬೀದಿಯಲ್ಲಿ ಅವರ ಕೈಗುಣಕ್ಕೆ ಒಂದು ಹೆಸರಿತ್ತು. ಯಾರ ಮನೆಗೆ ಮರಿಹುಳ ಬಂದರೂ ಮೊದಲ ಸೊಪ್ಪನ್ನು ಅತ್ತೆಯೇ ಹೋಗಿ ಹಾಕಬೇಕು. ಹುಡುಗಿಯರು ಬಂದು ಕರೆಯುತ್ತಿದ್ದರು, ಅತ್ತೆ ಕೈಕಾಲು ತೊಳೆದು, ತಲೆ ಬಾಚಿಕೊಂಡು, ಮದುವೆ ಮನೆಗೆ ಹೊರಟವರ ಹಾಗೆ ಹೋಗುತ್ತಿದ್ದರು. ಹೋದ ಮಳೆಗಾಲದಲ್ಲಿ ಮಾತ್ರ ಹಾಲುತೊಂಡೆ ರೋಗ ಬಂದು ಊರಿನ ಬಹಳ ಮನೆಗಳ ಹುಳ ಹೋಯಿತು. ಅತ್ತೆಯದೂ ಹೋಯಿತು, ಅವರು ಮೊದಲ ಸೊಪ್ಪು ಹಾಕಿದ ಮನೆಗಳದೂ ಹೋಯಿತು. ಅಲ್ಲಿಂದ ಕರೆಯಲು ಬರುವವರು ಕಡಿಮೆಯಾದರು. ಮುದುಕಿಯ ಕೈ ಬಿದ್ದುಹೋಯಿತೇನೋ ಎಂದು ಯಾರೋ ನಲ್ಲಿಯ ಹತ್ತಿರ ಆಡಿಕೊಂಡದ್ದು ಅತ್ತೆಯ ಕಿವಿಗೂ ಬಿತ್ತು.

"ಈ ಬೆಳೆ ಎದ್ರೆ ಎಲ್ರ ಬಾಯೂ ಮುಚ್ಕತದೆ ಕಣವ್ವ" ಎಂದು ನನಗೆ ಹೇಳಿದ್ದರು. ಆ ಬೆಳೆಯನ್ನು ಅವರು ನೋಡಿಕೊಂಡಷ್ಟು ಕಾಳಜಿಯಿಂದ ಬಾಣಂತಿಯನ್ನೂ ಯಾರೂ ನೋಡಿಕೊಳ್ಳುವುದಿಲ್ಲ. ಹುಳ ಸುಖವಾಗಿ ನಾಲ್ಕನೇ ಜ್ವರವನ್ನೂ ಮುಗಿಸಿ ಎದ್ದಿತು. ಹುಳ ಮೇವು ಬಿಟ್ಟು ಪೊರೆ ಬಿಡಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಇನ್ನು ಒಂದು ವಾರ ಹೊಟ್ಟೆ ತುಂಬ ತಿಂದು ಗೂಡು ಕಟ್ಟುವುದೊಂದೇ ಬಾಕಿ.

ಹುಳದ ಮನೆಗೆ ಒಂದು ಕಟ್ಟುನಿಟ್ಟು ಇದೆ. ಹೊಗೆಸೊಪ್ಪು ಒಳಗೆ ಬರಕೂಡದು. ಕಡ್ಡಿಪುಡಿ ಅಗಿಯುವವರು, ಬೀಡಿ ಸೇದುವವರು ಬಾಗಿಲಿಂದಾಚೆ. ಅದರ ಸೋಂಕು ತಾಗಿದ ಸೊಪ್ಪನ್ನು ತಿಂದರೂ ಹುಳ ಸಾಯುತ್ತದೆ. ಈ ಸೀಮೆಯಲ್ಲಿ ಇದು ಗೊತ್ತಿಲ್ಲದ ಮಗುವಿಲ್ಲ. ನಮ್ಮ ಯಜಮಾನರಿಗಂತೂ ಇದು ತೊಟ್ಟಿಲಲ್ಲೇ ಗೊತ್ತು. ನಾವು ಊರಿಗೆ ಹೋಗಿದ್ದ ಒಂದು ಭಾನುವಾರ ಕರೆಂಟಿನವನು ಒಬ್ಬ ವೈರು ನೋಡಲು ಬಂದಾಗ, ಕೆನ್ನೆಯೊಳಗೆ ಕಡ್ಡಿಪುಡಿ ಇದೆ ಎಂದು ಇವರು ಅವನನ್ನು ತೋಟದ ಬೇಲಿಯಿಂದಲೇ ಹಿಂದೆ ಕಳಿಸಿದ್ದರು. ಉಗಿದು ಬಂದರೂ ಬಿಡಲಿಲ್ಲ. "ಒಂದು ಬೆಳೆ ಅಂದ್ರೆ ಏನಂತ ಗೊತ್ತೇನ್ರೀ ನಿಮಗೆ" ಎಂದು ಅವನಿಗೆ ಭಾಷಣವನ್ನೂ ಬಿಗಿದರು. ಅತ್ತೆ ಮಗನನ್ನು ನೋಡಿ ಹೆಮ್ಮೆಪಟ್ಟುಕೊಂಡರು.

ಅದೇ ಭಾನುವಾರ ಇವರು ಹುಳದ ಮನೆಯ ಗೋಡೆಗೆ ನೇತುಹಾಕಿದ್ದ ತೇವಾಂಶದ ಮೀಟರಿನ ಮುಂದೆ ಬಹಳ ಹೊತ್ತು ನಿಂತರು. ಅದು ಎಪ್ಪತ್ತು ತೋರಿಸುತ್ತಿತ್ತು. ದೊಡ್ಡ ಹುಳಕ್ಕೆ ಬೇಕಾದ ತೇವವೂ ಅಷ್ಟೇ, ತಂಪೂ ಹಾಗೇ. ನಿಂತವರ ಮುಖದಲ್ಲಿ ಒಂದು ನಗು ಬಂತು. ನಾನು ಸೊಪ್ಪಿನ ಹೊರೆ ಹೊತ್ತು ಒಳಗೆ ಹೋಗುತ್ತಿದ್ದೆ. ತಾಯಿಯ ಕೆಲಸ ಕಂಡು ಖುಷಿಯಾಯಿತೇನೋ ಅಂದುಕೊಂಡೆ. ಗಂಡನ ವಿಷಯದಲ್ಲಿ ಒಳ್ಳೆಯದನ್ನು ಅಂದುಕೊಳ್ಳುವ ಚಟ ನನಗೆ ಆವರೆಗೂ ಸ್ವಲ್ಪ ಉಳಿದಿತ್ತು.

ಗುರುವಾರ ಬೆಳಿಗ್ಗೆ ಅತ್ತೆಯ ಫೋನ್ ಬಂತು. ಅವರು ಫೋನಿನಲ್ಲಿ ಕೂಗುವವರು, ಅವತ್ತು ಮೆಲ್ಲಗೆ ಮಾತಾಡಿದರು. "ಉಳ ಯಾಕೋ ಸರ್ಯಾಗಿಲ್ಲ, ಇಬ್ರೂ ಬನ್ನಿ." ನಾನು ಕಚೇರಿಗೆ ರಜೆ ಹೇಳಿದೆ, ಇವರು ಕಾರು ತೆಗೆದರು. ನರಸೀಪುರ ದಾಟುವವರೆಗೂ ಇವರು ಹೇಳಿದ್ದು ಒಂದೇ. ಅವ್ವನಿಗೆ ವಯಸ್ಸಾಯಿತು, ಕೈಲಾಗುವುದಿಲ್ಲ, ಇನ್ನು ಹುಳದ ಮನೆಯನ್ನು ಬಿಡಿಸಬೇಕು.

ಹೋದವರೇ ಹುಳದ ಮನೆಯೊಳಗೆ ನೋಡಿದೆವು. ಬೆರಳುಗಾತ್ರ ಬೆಳೆದಿದ್ದ ಹುಳಗಳು ಸೊಪ್ಪಿನ ಮೇಲೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಮೈ ಕುಗ್ಗಿಸಿಕೊಂಡು ಒಂದೊಂದಾಗಿ, ಅವುಗಳನ್ನು ಹರಡಿದ್ದ ಸ್ಟ್ಯಾಂಡಿನಿಂದ ಕೆಳಗೆ ಉದುರುತ್ತಿದ್ದವು. ಅತ್ತೆ ಉದುರಿದ್ದನ್ನು ಎತ್ತಿ ಎತ್ತಿ ಮತ್ತೆ ಸೊಪ್ಪಿನ ಮೇಲೆ ಬಿಡುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲವೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು, ಆದರೂ ಕೈ ನಿಲ್ಲಿಸಲಿಲ್ಲ.

"ರೋಗ ಅಲ್ಲ ಇದು. ಯಾರೋ ಔಸ್ದಿ ಒಡ್ದವ್ರೆ. ಗಾಳೀಲಿ ನಮ್ ಸೊಪ್ಗೆ ಬಂದದೆ" ಅಂದರು.

ಔಷಧಿ ಹೊಡೆಯಲು ಸುತ್ತ ಯಾರ ಹೊಲದಲ್ಲೂ ಆಗ ಬೆಳೆಯಿರಲಿಲ್ಲ. ತೋಟದಿಂದ ಆಗಷ್ಟೇ ಕೊಯ್ದು ತಂದು ಹಾಕಿದ್ದ ಬಾಗಿಲ ಬದಿಯ ಸ್ಟ್ಯಾಂಡಿನ ಹುಳ ನೆಟ್ಟಗಿತ್ತು. ಸತ್ತದ್ದೆಲ್ಲ ಸೊಪ್ಪಿನ ಕೋಣೆಯಿಂದ ತಂದು ಹಾಕಿದ ಸೊಪ್ಪನ್ನು ತಿಂದ ಹುಳಗಳೇ. ಸೊಪ್ಪಿನ ಕೋಣೆಯೆಂದರೆ ಹುಳದ ಮನೆಗೆ ಅಂಟಿಕೊಂಡ ಕತ್ತಲೆ ಕೋಣೆ. ಬೆಳಿಗ್ಗೆ ಕೊಯ್ದ ಸೊಪ್ಪು ಬಾಡದಿರಲೆಂದು ಅದರಲ್ಲಿ ಒಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿಡುತ್ತಾರೆ. ಅತ್ತೆ ಗಂಟೆಗೊಂದು ಸಲ ಗೋಣಿಗೆ ನೀರು ಚಿಮುಕಿಸುತ್ತಾರೆ. ನಾನು ಒಳಗೆ ಹೋಗಿ ಮೂಸಿದೆ. ಅಕ್ಕಿ ಡ್ರಮ್ಮಿನ ವಾಸನೆ.

ಗೋಡೆಯಲ್ಲಿ, ಸೊಪ್ಪಿನ ರಾಶಿಯ ನೇರಕ್ಕೆ ಮೇಲೆ, ದೀಪ ಇಡುವ ಒಂದು ಗೂಡಿದೆ. ಅದರ ಮುಂದೆಯೂ ಒಂದು ಒದ್ದೆ ಗೋಣಿ ಇಳಿಬಿದ್ದಿತ್ತು. ಸರಿಸಿದೆ. ಗಾಜಿನ ಮುಚ್ಚಳ ತೆಗೆದಿಟ್ಟ ಪೆಟ್ಟಿಗೆ, ಒಳಗೆ ಸಾಲಾಗಿ ಚುಟ್ಟಗಳು, ಮಲಗಿಸಿದ ಮಕ್ಕಳ ಹಾಗೆ. ಗೋಣಿಯ ನೀರು ಅವುಗಳ ಮೇಲೆ ತೊಟ್ಟಿಕ್ಕಿ ಕಂದು ಕಷಾಯವಾಗಿ ಗೋಡೆಯ ಮೇಲಿಳಿದು ಸೊಪ್ಪಿನ ರಾಶಿಯೊಳಗೆ ಇಂಗಿತ್ತು.

ಪೆಟ್ಟಿಗೆಯನ್ನು ತಂದು ಅಂಗಳದ ಕಲ್ಲಿನ ಮೇಲಿಟ್ಟೆ.

"ಏನ್ಲಾ ಇದು?" ಅಂದರು ಅತ್ತೆ.

"ಸಿಗಾರ್ ಕಣವ್ವ. ಕ್ಯೂಬಾದ್ದು. ಇದಕ್ಕೆ ಎಪ್ಪತ್ತು ತೇವ ಬೇಕು, ಅದಕ್ಕೇ ಒಂದು ವಾರ ಇರಲಿ ಅಂತ ಭಾನುವಾರ ಕಾರಿಂದ ತಂದು ಇಲ್ಲಿಟ್ಟಿದ್ದೆ. ಗಾಳಿಯಾಡಲಿ ಅಂತ ಮುಚ್ಚಳ ತೆಗೆದಿದ್ದೆ."

"ಕ್ಯೂಬಾ ಅಂದ್ರೆ?"

"ಒಂದು ದೇಶ."

"ಆ ದೇಸ್ದೋರು ಇದ್ನ ಯಾತ್ರಲ್ಲಿ ಮಾಡ್ತರೆ?"

"ಎಲೆಯಲ್ಲಿ."

"ಯಾವ ಎಲೆ?"

ಅತ್ತೆ ಒಂದನ್ನು ಎತ್ತಿ, ಮುರಿದು, ಮೂಗಿನ ಹತ್ತಿರ ಹಿಡಿದರು. ಅದನ್ನು ಕಲ್ಲಿನ ಮೇಲೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡರು.

"ಒಗೆಸೊಪ್ಪು ಅನ್ನಕೆ ಬಾಯಿ ಬರಕಿಲ್ವೇನ್ಲಾ ನಿಂಗೆ?"

ನಿಜವಾಗಿಯೂ ಬರುತ್ತಿರಲಿಲ್ಲ, ಅದು ನನಗೆ ಆ ಕ್ಷಣ ಗೊತ್ತಾಯಿತು. ಕಡ್ಡಿಪುಡಿ ಅಂದರೆ ಹೊಗೆಸೊಪ್ಪು, ಬೀಡಿ ಅಂದರೆ ಹೊಗೆಸೊಪ್ಪು, ಅವು ಕರೆಂಟಿನವನ ಕೆನ್ನೆಯಲ್ಲಿರುವ ವಸ್ತು. ಮೇಲಧಿಕಾರಿ ಹೋಟೆಲಿನಲ್ಲಿ ಕೊಟ್ಟದ್ದು ಹೇಗೆ ಹೊಗೆಸೊಪ್ಪಾದೀತು? ಮುಚ್ಚುಮರೆ ಮಾಡಬೇಕೆಂದು ಇವರು ಅದನ್ನು ಗೋಣಿಯ ಹಿಂದೆ ಇಟ್ಟಿರಲಿಲ್ಲ. ತೇವ ಚೆನ್ನಾಗಿ ಹಿಡಿಯಲಿ ಎಂದು ಇಟ್ಟಿದ್ದರು. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ಒಂದು ಚಿನ್ನದ ಬಣ್ಣದ ಪಟ್ಟಿ ಸುತ್ತಿದೊಡನೆ ಮರೆತೇಹೋಯಿತು. ಬಡಾಯಿಗೆ ಇಷ್ಟು ಶಕ್ತಿ ಇದೆಯೆಂದು ನನಗೆ ತಿಳಿದಿರಲಿಲ್ಲ.

ಅತ್ತೆ ಒಳಗೆ ಹೋದ ಮೇಲೆ ಇವರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಇಷ್ಟು ಹುಳ ಸತ್ತಿದೆ ಅಂದ್ರೆ ಮಾಲು ಒರಿಜಿನಲ್ಲೇ ಇರಬೇಕು, ಅಲ್ವಾ?"

"ಪಿರಿಯಾಪಟ್ಟಣದ ಹೊಗೆಸೊಪ್ಪಿಗೂ ಸಾಯ್ತವೆ ರೀ. ಯಾವ ದೇಶದ್ದು ಅಂತ ವಿಚಾರಿಸಿಕೊಂಡು ಸಾಯೋ ಅಭ್ಯಾಸ ಹುಳಕ್ಕಿಲ್ಲ" ಅಂದೆ. ಆ ಪೆಟ್ಟಿಗೆ ಮನೆಗೆ ಬಂದಾಗಿನಿಂದ ನಾನು ಆಡಿದ ಮಾತುಗಳಲ್ಲಿ ಇವರ ಒಳಗೆ ಇಳಿದದ್ದು ಬಹುಶಃ ಅದೊಂದೇ. ಹೋಗಿ ಕಾರಿನ ಬಾನೆಟ್ಟಿಗೆ ಒರಗಿ ನಿಂತರು.

ಸತ್ತ ಹುಳವನ್ನು ಹಾಗೇ ಬಿಡುವಂತಿಲ್ಲ. ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಗುದ್ದಲಿ ಇವರ ಕೈಗೆ ಕೊಟ್ಟೆ, ತೋಡಿದರು. ನಾನೂ ಅತ್ತೆಯೂ ಮಂಕರಿಯಲ್ಲಿ ತುಂಬಿ ತುಂಬಿ ತಂದು ಸುರಿದೆವು. ಇಷ್ಟು ದಿನ ಮಳೆ ಬಿದ್ದ ಹಾಗೆ ಸೊಪ್ಪು ಮೇಯುವ ಸದ್ದು ಕೇಳುತ್ತಿದ್ದ ಮನೆ ಅದು. ಅವತ್ತು ನಮ್ಮ ಚಪ್ಪಲಿಯ ಸದ್ದೇ ಕಿವಿಗೆ ದೊಡ್ಡದಾಗಿ ಕೇಳಿಸಿತು. ಅತ್ತೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಎದುರುಮನೆಯವಳು ಬೇಲಿಯ ಹತ್ತಿರ ಬಂದಳು. ಅವಳು ನನ್ನ ವಾರಗೆಯವಳು, ಅತ್ತೆಯನ್ನು ದೊಡ್ಡವ್ವ ಅನ್ನುತ್ತಾಳೆ. ಅವಳ ಹಿಂದೆ ಬೀದಿಯ ಇನ್ನೂ ಮೂರು ನಾಲ್ಕು ಹೆಂಗಸರು. ಗುಂಡಿ ನೋಡಿದರು, ಸುಣ್ಣ ನೋಡಿದರು. ಕೊನೆಗೆ ಎದುರುಮನೆಯವಳೇ ಕೇಳಿದಳು.

"ಏನಾಯ್ತು ದೊಡ್ಡವ್ವ? ಯಾವ ರೋಗ?"

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. ನಮ್ಮ ಯಜಮಾನರು ಗುಂಡಿಯ ಆಚೆ ದಡದಲ್ಲಿ ಗುದ್ದಲಿ ಹಿಡಿದು ನಿಂತಿದ್ದರು. ತಾಯಿ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ.

"ಸಪ್ಪೆ ರೋಗ ಕಣವ್ವ" ಅಂದರು ಅತ್ತೆ. "ಸೊಪ್ಪು ಸರ್ಯಾಗಿ ನೋಡ್ನಿಲ್ಲ ನಾನು. ನನ್ ಕೈ ಸೋತೋಯ್ತು. ಇನ್ ಮ್ಯಾಕೆ ಯಾರೂ ನನ್ನ ಕರೀಬ್ಯಾಡಿ."

ಬೇಲಿಯಾಚೆ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ನಲ್ಲಿಯ ಹತ್ತಿರ ಆಡಿಕೊಂಡ ಮಾತು ನಿಜವಾಯಿತಲ್ಲ ಎನ್ನುವ ನೋಟ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಹೆಗ್ಗಣಕ್ಕೂ ಒಂದು ನಾಲಿಗೆ ಇತ್ತಲ್ಲ. ನಾನು ಅದರ ಕಡೆಗೇ ನೋಡಿದೆ. ಅದು ಗುದ್ದಲಿಯ ಮಣ್ಣು ಕೆರೆಯುತ್ತಾ ನಿಂತಿತ್ತು. ಹೆಂಗಸರು ತಿರುಗಿ ಹೊರಡಲು ಕಾಲು ಎತ್ತಿದರು. ಇನ್ನು ಅರೆನಿಮಿಷ ಬಿಟ್ಟರೆ ಆ ಮಾತು ಊರೆಲ್ಲ ಹೋಗಿ ಕೂತುಬಿಡುತ್ತಿತ್ತು.

"ಸಪ್ಪೆ ಅಲ್ಲ" ಅಂದೆ. "ಹೊಗೆಸೊಪ್ಪು. ಇವರು ತಂದು ಸೊಪ್ಪಿನ ಕೋಣೇಲಿ ಇಟ್ಟಿದ್ರು. ನೋಡಿ, ಕಲ್ಲಿನ ಮೇಲಿದೆ. ಅತ್ತೆ ಕೈ ಸೋತಿಲ್ಲ."

ಎದುರುಮನೆಯವಳು ಅಂಗಳಕ್ಕೆ ಬಂದು ಪೆಟ್ಟಿಗೆಯನ್ನು ಬಗ್ಗಿ ನೋಡಿದಳು. ಮೂಗು ಮುಚ್ಚಿಕೊಂಡಳು. ಇವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಅಲ್ಲ ಕಣಣ್ಣ, ಕರೆಂಟ್‌ನವನ್ನ ಬೇಲಿಂದ ಓಡ್ಸಿದ್ಯಂತೆ?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ಅತ್ತೆಯ ಕಡೆ ತಿರುಗಿದಳು. "ನಾಳಿದ್ದು ನಮ್ಮನೆಗೆ ಮರಿ ಬತ್ತವೆ ದೊಡ್ಡವ್ವ. ನೀನೇ ಬಂದು ಸೊಪ್ಪಾಕ್ಬೇಕು. ಕರ್ಯಕೆ ಮಗಳ್ನ ಕಳುಸ್ತೀನಿ."

ಹೆಂಗಸರು ಹೋದರು. ಇವರು ಗುಂಡಿ ಮುಚ್ಚದೆಯೇ ಗುದ್ದಲಿ ಬಿಸಾಕಿ, ನನ್ನನ್ನು ಸುಡುವ ಹಾಗೆ ನೋಡಿ, ಕಾರಿನೊಳಗೆ ಹೋಗಿ ಕೂತರು. ಪೆಟ್ಟಿಗೆಯನ್ನು ಮಾತ್ರ ಮರೆಯದೆ ಎತ್ತಿಕೊಂಡು ಹೋದರು.

ಮಣ್ಣನ್ನು ನಾವಿಬ್ಬರೇ ಎಳೆದೆವು. ಮುಗಿದ ಮೇಲೆ ಅತ್ತೆ ನನ್ನನ್ನು ಬಾವಿಯ ಹತ್ತಿರ ಕರೆದರು. ಅಷ್ಟು ಸಿಟ್ಟಿನಲ್ಲಿ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಓಗೋದು ನನ್ ಕೈ ತಾನೆ? ಮುದ್ಕಿ ಕೈ, ಇವತ್ತಲ್ಲ ನಾಳೆ ಓಗದೇಯ. ಬೀದಿ ಮುಂದೆ ಅವ್ನ್ ಎಸ್ರ ಯಾಕೆತ್ದೆ ನೀನು?"

"ನೀವು ನಿಮ್ಮ ಮೇಲೆ ಹಾಕ್ಕೊಂಡಾಗ ಅವರು ಅಲ್ಲೇ ನಿಂತಿದ್ರು ಅತ್ತೆ" ಅಂದೆ. "ಈಗ ಬಾಯಿ ಬಿಡ್ತಾರೆ, ಈಗ ಬಿಡ್ತಾರೆ ಅಂತ ಕಾದೆ. ಬಿಡಲಿಲ್ಲ."

ಅತ್ತೆ ಸುಣ್ಣ ಮೆತ್ತಿದ ಕೈಯನ್ನು ಬಿಂದಿಗೆಯ ನೀರಿನಲ್ಲಿ ಅದ್ದಿ, ಬಹಳ ಹೊತ್ತು ತೊಳೆದರು.

"ನಾನೂ ಕಾದೆ ಕಣವ್ವ" ಅಂದರು.